ಹಗೇವಿನ ಬಾಯಿ ತೆರೆದು ಸ್ವಲ್ಪ ಕಾಯಿರಿ

ಗದಗಿನ ಗೆಳೆಯರೇ, ನಮಸ್ಕಾರ.

ನೀವು ಕಳಿಸಿದ ‘ಸಪ್ತತಳ’ ಆಟದ ಹಸ್ತಪ್ರತಿ ಪೂರ್ತಿ ಓದಿದೆ. 212 ಪುಟ, ಜೊತೆಗೆ ಒಂಬತ್ತು ನಕಾಶೆ. ಇಡೀ ಭೂಮಿಯ ಹೊಟ್ಟೆಯೊಳಗೆ ಹಬ್ಬಿದ ಒಂದೇ ಪಾತಾಳ. ಅದರ ಒಂದು ಬಾಯಿ ಲಕ್ಕುಂಡಿಯಲ್ಲಿ, ಇನ್ನೊಂದು ಗ್ರೀಸಿನಲ್ಲಿ, ಮತ್ತೊಂದು ಮಧ್ಯ ಅಮೆರಿಕದ ಮಾಯಾ ಜನರ ಕಾಡಿನಲ್ಲಿ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಇಳಿಯುವ ಆಟಕ್ಕೆ ಕನ್ನಡದಲ್ಲಿ ಇಷ್ಟು ದೊಡ್ಡ ಲೋಕ ಕಟ್ಟಲು ಹೊರಟಿದ್ದೀರಿ. ಧೈರ್ಯ ಮೆಚ್ಚಿದೆ. ಆದರೆ ಈಗ ಇರುವ ಹಾಗೆ ಅಚ್ಚು ಹಾಕಲಾರೆ.

ಮೊದಲ 60 ಪುಟ ನಾಗರಾಜರ ವಂಶಾವಳಿ. ಯಾರು ಯಾರ ಮಗ, ಯಾವ ಯುದ್ಧದಲ್ಲಿ ಯಾರು ಸತ್ತರು. ಹಳೆ ಜಮೀನಿನ ಉತಾರ ಓದಿದ ಹಾಗಾಯಿತು. ಅಷ್ಟು ಹೊತ್ತಾದರೂ ಒಬ್ಬ ಆಟಗಾರನೂ ಕೆಳಗೆ ಇಳಿದಿಲ್ಲ! ಆಟ ನಡೆಸುವವನಿಗೆ ಶನಿವಾರ ಸಂಜೆ ಬೇಕಾಗುವುದೇ ಬೇರೆ. ಬಾಗಿಲು ಎಲ್ಲಿದೆ, ತಳ್ಳಿದರೆ ಏನಾಗುತ್ತದೆ, ದೀಪ ಎಷ್ಟು ಹೊತ್ತು ಉರಿಯುತ್ತದೆ?

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೊದಲ ನಿಯಮಗಳನ್ನು ಒಮ್ಮೆ ನೋಡಿ. ನೆಲದಡಿಯ ಬಾಗಿಲು ಆಟಗಾರರಿಗೆ ಬಿಗಿಯಾಗಿರುತ್ತದೆ, ಒದ್ದು ತೆಗೆಯಬೇಕು. ರಾಕ್ಷಸರಿಗೆ ತಾನಾಗಿಯೇ ತೆರೆಯುತ್ತದೆ. ರಾಕ್ಷಸರಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಆದರೆ ಅವರೇ ಆಟಗಾರರ ಚಾಕರಿಗೆ ಸೇರಿದರೆ ಆ ದೃಷ್ಟಿ ಹೋಗುತ್ತದೆ. ಎರಡು ಮೂರು ಸಾಲು, ಅಷ್ಟೇ. ನೀವು ಬಂದದ್ದು ಆ ನೆಲಕ್ಕೇ ಇಷ್ಟವಿಲ್ಲ ಅಂತ ಆಡುವವರಿಗೆ ತಿಳಿದುಬಿಡುತ್ತದೆ. ನಿಮ್ಮ ಏಳು ತಳಗಳಲ್ಲಿ ಇಂಥ ಒಂದು ಸಾಲು ಹುಡುಕಿದೆ, ಸಿಗಲಿಲ್ಲ.

ಇನ್ನೊಂದು ತಕರಾರು. ಪಾತಾಳವನ್ನು ನೀವು ನರಕ ಮಾಡಿದ್ದೀರಿ. ಎಲ್ಲಿ ನೋಡಿದರೂ ಎಣ್ಣೆ ಕೊಪ್ಪರಿಗೆ. ಭಾಗವತದ ಐದನೇ ಸ್ಕಂಧದಲ್ಲಿ ಅತಲದಿಂದ ಪಾತಾಳದವರೆಗಿನ ಏಳನ್ನೂ ಬಿಲಸ್ವರ್ಗ ಅಂದಿದ್ದಾರೆ. ಸ್ವರ್ಗಕ್ಕಿಂತ ಜಾಸ್ತಿ ಸುಖ ಇರುವ ಜಾಗ. ಬಲಿ ಚಕ್ರವರ್ತಿ ಇರುವುದು ಸುತಲದಲ್ಲಿ, ನಾಗರಾಜ ವಾಸುಕಿ ಪಾತಾಳದಲ್ಲಿ. ಅಲ್ಲಿ ಬೆಳಕು ಹಾವುಗಳ ಹೆಡೆಯ ಮಣಿಯದ್ದು. ಸೂರ್ಯ ಇಲ್ಲ, ಹಾಗಾಗಿ ಹಗಲು ರಾತ್ರಿ ಇಲ್ಲ, ಕಾಲದ ಭಯವೂ ಇಲ್ಲ. ಒಳ್ಳೆಯ ಆಟದ ನಿಯಮ ಇಲ್ಲೇ ಬಿದ್ದಿದೆಯಲ್ವಾ? ಮೇಲಿನ ಗುಹೆಗಳಲ್ಲಿ ದೀಪದ ಎಣ್ಣೆ ಎಣಿಸಿ ಎಣಿಸಿ ಇಳಿದವರು, ಮಣಿಯ ಬೆಳಕು ಸಿಕ್ಕ ಕೂಡಲೇ ಎಣಿಸುವುದು ಬಿಡುತ್ತಾರೆ. ತಿರುಗಿ ಮೇಲೆ ಬಂದು ಎಷ್ಟು ದಿನವಾಯಿತು ಅಂತ ಊರವರನ್ನೇ ಕೇಳಬೇಕು. ಉತ್ತರವನ್ನು ದಾಳ ಹೇಳಲಿ.

ದೇಶದೇಶಗಳ ಪಾತಾಳ ಒಂದೇ ಅನ್ನುವ ನಿಮ್ಮ ಮಾತು ನನಗೆ ಹಿಡಿಸಿತು. ಆದರೆ ಅವನ್ನು ಸುರಂಗ ಕೊರೆದು ಜೋಡಿಸಿದ್ದೀರಿ, ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದ ಹಾಗೆ. ಜೋಡಿಸುವ ದಾರ ಕಥೆಗಳಲ್ಲೇ ಇದೆ. ಸುಮೇರಿಯಾದ ದೇವತೆ ಇನಾನ್ನಾ ಪಾತಾಳದ ಏಳು ಬಾಗಿಲು ದಾಟುವಾಗ ಒಂದೊಂದರಲ್ಲೂ ಮೈಮೇಲಿನ ಒಂದೊಂದು ಬಿಟ್ಟು ಹೋಗಬೇಕು. ಗ್ರೀಕರ ಅಂಬಿಗ ಕೇರಾನ್‌ಗೆ ಹೆಣದ ಬಾಯಲ್ಲಿಟ್ಟ ನಾಣ್ಯ ಬೇಕು. ನಮ್ಮ ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಕೂತ. ಎಲ್ಲ ಕಡೆಯೂ ಕೆಳಗೆ ಹೋಗುವವರು ಏನೋ ಒಂದು ತೆರುತ್ತಾರೆ. ಆ ಸುಂಕವನ್ನೇ ನಿಮ್ಮ ಲೋಕದ ಕಾನೂನು ಮಾಡಿ. ಯಾವ ಬಾಯಲ್ಲಿ ಇಳಿದರೂ ಒಂದು ತೆರಬೇಕು: ಹೆಸರು, ಅನ್ನ, ಮನೆಯ ಒಂದು ನೆನಪು. ಆಮೇಲೆ ಸುರಂಗದ ನಕಾಶೆ ಇಲ್ಲದಿದ್ದರೂ ನಡೆಯುತ್ತದೆ.

ಈಗ 87ನೇ ಪುಟ. ಅಜ್ಜಿ ಹಗೇವಿನ, ಅಂದರೆ ನೆಲದಡಿಯ ಕಾಳಿನ ಗುಂಡಿಯ, ಬಾಯಿ ತೆಗೆಸಿ, ಮೊಮ್ಮಗನ ತೋಳು ಹಿಡಿದು ನಿಲ್ಲಿಸುವ ಆ ಎಂಟು ಸಾಲು. ಅದನ್ನು ಮೂರು ಸಲ ಓದಿದೆ. ಹಾವೇರಿ ಕಡೆಯ ನಮ್ಮ ಅಜ್ಜನ ಮನೆಯ ಮುಂದೆಯೂ ಹಗೇವು ಇತ್ತು. ಮಣ್ಣು ಸರಿಸಿ ಕಲ್ಲು ಎತ್ತಿದರೆ ಜೋಳದ ಬಿಸಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿಸಿರುತ್ತದೆ. ಅವಸರ ಮಾಡಿ ಇಳಿದವರು ಅಲ್ಲೇ ಕುಸಿಯುತ್ತಾರೆ. ಕಾಕಾ ಹಗ್ಗ ಕಟ್ಟಿ ಕಂದೀಲು ಬಿಡುತ್ತಿದ್ದರು. ಆರಿದರೆ ಮತ್ತೆ ಕಾಯುವುದು. ನಾವು ಹುಡುಗರು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದೆವು.

ಇಂಥ ಜಾಗ ಕೈಯಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ‘ವಿಷಾನಿಲ: ಎರಡು ದಾಳ ಹಾಕಿ ಹಾನಿ ಎಣಿಸಿ’ ಅಂತ ಬರೆದಿದ್ದೀರಿ. ಸಿಟ್ಟು ಬಂತು. ಕಂದೀಲು ಬಿಡುವ ಕೆಲಸ ಆಟಗಾರನದ್ದಾಗಲಿ. ಎಷ್ಟು ಹಗ್ಗ ಇದೆ ಅಂತ ಕೇಳಿ. ಆರಿತು ಅನ್ನಿ. ಬೆನ್ನ ಹಿಂದೆ ಅಟ್ಟಿಸಿಕೊಂಡು ಬರುವವರಿದ್ದಾರೆ, ಆಟಗಾರರು ಕಾಯುತ್ತಾರೋ ಇಳಿಯುತ್ತಾರೋ ನೋಡಿ.

ಹೆಸರುಗಳ ಬಗ್ಗೆ ಒಂದೇ ಮಾತು. ‘ತಮೋಗರ್ಭಾಂತರ್ದ್ವಾರ’ ಅಂತ ಮೇಜಿನ ಸುತ್ತ ಯಾರೂ ಕೂಗಲಾರರು. ‘ಕಪ್ಪು ಬಾಯಿ’ ಅನ್ನಿ, ಸಾಕು.

ನನಗೆ ಹನ್ನೆರಡು ಪುಟ ಕಳಿಸಿ. ಒಂದು ಹಗೇವು, ಅದರಡಿಯ ಒಂದೇ ತಳ, ಒಂದು ಸಂಜೆಯ ಆಟ. ಕಳಿಸುವ ಮೊದಲು ನಾಲ್ಕು ಗೆಳೆಯರ ಜೊತೆ ಆಡಿ. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಆ ಜಾಗಕ್ಕೆ ಗುರುತು ಹಾಕಿ.

ಲಕ್ಕುಂಡಿಯ ಮುಸುಕಿನ ಬಾವಿಯನ್ನು ಬ್ರಹ್ಮ ಜಿನಾಲಯದ ಎದುರಿಗೆ ಬರೆದಿದ್ದೀರಿ. ಅದು ಇರುವುದು ಮಾಣಿಕೇಶ್ವರ ಗುಡಿಯ ಪಕ್ಕ. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್, ಹೋಗಿ ಬನ್ನಿ. ಮೆಟ್ಟಿಲು ಇಳಿಯುವಾಗ ಗೋಡೆಯ ಸಣ್ಣ ಗುಡಿಗಳನ್ನು ಎಣಿಸಿ ಬರೆದುಕೊಳ್ಳಿ, ನಿಮ್ಮ ಸುಂಕದ ಕಟ್ಟೆಗಳಿಗೆ ಬೇಕಾಗುತ್ತವೆ.