ಹೆಡ್‌ಸೆಟ್ ಬೆಲೆಗಿಂತ ಪ್ರೇಕ್ಷಕರ ಕೂಗು ದೊಡ್ಡದು

ಪ್ರಶ್ನೆ: ಕಾಲೇಜು ಉತ್ಸವವೊಂದರ ಬಿಜಿಎಂಐ (ಫೋನಿನಲ್ಲಿ ಆಡುವ ಬಂದೂಕು ಕಾಳಗದ ಆಟ) ಪಂದ್ಯದಲ್ಲಿ ನಮ್ಮ ತಂಡದವನ ಬ್ಲೂಟೂತ್ ಇಯರ್‌ಬಡ್ ತೆಗೆಸಿದರು. ಎದುರಾಳಿ ಮಾತ್ರ ದುಬಾರಿ ವೈರ್ ಹೆಡ್‌ಸೆಟ್ ಹಾಕಿಕೊಂಡೇ ಆಡಿದ. ಎಲ್ಲರಿಗೂ ಒಂದೇ ಹೆಡ್‌ಫೋನ್ ಕೊಡಬೇಕಲ್ಲವೇ? ಸಾಲದ್ದಕ್ಕೆ, ದೊಡ್ಡ ಪರದೆ ನೋಡುತ್ತಿದ್ದ ಅವರ ಗೆಳೆಯರು ನಾವು ಅಡಗಿದ್ದ ಜಾಗವನ್ನು ಕೂಗಿ ಹೇಳಿದರು.
– ಪದವಿ ವಿದ್ಯಾರ್ಥಿ, ಬ್ರಹ್ಮಪುರ, ಕಲಬುರಗಿ

ಉತ್ತರ: ನೀವು ಕೊನೆಗೆ ಹೇಳಿದ ಮಾತೇ ನಿಜವಾದ ದೂರು. ಇಯರ್‌ಬಡ್ ವಿಚಾರದಲ್ಲಿ ನಾನು ಆಯೋಜಕರ ಪರ.

ಬ್ಲೂಟೂತ್ ಮತ್ತು ಬಹಳಷ್ಟು ವೈಫೈ ಎರಡೂ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೇ ಹಂಚಿಕೊಳ್ಳುತ್ತವೆ. ಸಭಾಂಗಣದ ತುಂಬ ಫೋನುಗಳಿದ್ದಾಗ ಧ್ವನಿ ತುಂಡಾಗುವುದು ಸಹಜ. ತುಂಡಾದ ಮೇಲೆ ಪಂದ್ಯವನ್ನು ಮತ್ತೆ ಆಡಿಸಬೇಕೇ ಎಂಬ ಜಗಳಕ್ಕೆ ಕೊನೆಯಿಲ್ಲ. ಸಾಮಾನ್ಯ ಇಯರ್‌ಬಡ್‌ನಲ್ಲಿ ಸದ್ದು 100ರಿಂದ 250 ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ. ಇನ್ನೊಂದು ತೊಂದರೆ ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ. ಇಯರ್‌ಬಡ್‌ನ ಮೈಕ್ ಆನ್ ಮಾಡಿದೊಡನೆ ಸಾಮಾನ್ಯವಾಗಿ ಬ್ಲೂಟೂತ್ ಕರೆಯ ಗುಣಮಟ್ಟಕ್ಕೆ ಇಳಿದು, ಎರಡೂ ಕಿವಿಗೆ ಒಂದೇ ಸದ್ದು ಕೊಡುತ್ತದೆ. ಹೆಜ್ಜೆ ಸಪ್ಪಳ ಕೇಳಿಸಿದರೂ ಎಡವೋ ಬಲವೋ ತಿಳಿಯದು. ನಿಮ್ಮ ಗೆಳೆಯನಿಗೆ ಆಯೋಜಕರು ಉಪಕಾರವನ್ನೇ ಮಾಡಿದ್ದಾರೆ.

ಎದುರಾಳಿಯ ಹೆಡ್‌ಸೆಟ್ ಕಂಡು ಹೊಟ್ಟೆ ಉರಿದುಕೊಳ್ಳುವುದು ಬೇಡ. ಗದ್ದಲದ ಜಾಗದಲ್ಲಿ ದುಬಾರಿ ಹೆಡ್‌ಫೋನ್‌ಗಿಂತ ಕಿವಿಯೊಳಗೆ ಬಿಗಿಯಾಗಿ ಕೂರುವ, ರಬ್ಬರ್ ತುದಿಯ ಕೆಲವೇ ನೂರು ರೂಪಾಯಿಯ ವೈರ್ ಇಯರ್‌ಫೋನ್ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿರ್ಬಂಧ ಬೇಕಾದದ್ದು ಹೆಡ್‌ಸೆಟ್ ಜೊತೆಗೆ ಬರುವ ತಂತ್ರಾಂಶಕ್ಕೆ. ಹೆಜ್ಜೆ ಸಪ್ಪಳವನ್ನಷ್ಟೇ ಎತ್ತಿ ಕೇಳಿಸುವ ಈಕ್ವಲೈಸರ್ ಆ್ಯಪ್‌ಗಳಿಗೆ ಅವಕಾಶವಿದೆಯೇ ಇಲ್ಲವೇ ಎಂಬುದು ನಿಯಮದಲ್ಲಿ ಬರೆದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು. ವೈರ್ ಇಯರ್‌ಫೋನನ್ನು ಫೋನಿನ ಚಾರ್ಜಿಂಗ್ ಕಿಂಡಿಗೆ ಜೋಡಿಸುವ ಟೈಪ್-ಸಿ ಡಾಂಗಲ್‌ಗಳು ಎಲ್ಲ ಫೋನಿಗೂ ಹೊಂದುವುದಿಲ್ಲವಾದ್ದರಿಂದ ಅವನ್ನು ಪಂದ್ಯಕ್ಕೆ ಮೊದಲೇ ಪರೀಕ್ಷಿಸಿಕೊಳ್ಳಿ. ಇಷ್ಟು ಸಾಕು.

ಈಗ ಕೂಗಿನ ವಿಚಾರ. ಪ್ರೇಕ್ಷಕರು ಜಾಗದ ಹೆಸರು ಹೇಳಬೇಕೆಂದೇನೂ ಇಲ್ಲ. ಗೋಡೆಯ ಹಿಂದೆ ಅಡಗಿದವನ ಕಡೆಗೆ ಬಂದೂಕು ತಿರುಗಿದಾಗ ಏಳುವ ‘ಹೋ’ ಎಂಬ ಸದ್ದೇ ಸಾಕು. ಇದಕ್ಕಾಗಿಯೇ ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದ ದೊಡ್ಡ ಪಂದ್ಯಗಳಲ್ಲಿ ಆಟದ ಸದ್ದಿಗೆ ಕಿವಿಯೊಳಗೆ ಇಯರ್‌ಫೋನ್ ಹಾಕಿ, ಅದರ ಮೇಲೆ ಹೊರಗದ್ದಲ ಮುಚ್ಚುವ ಹೆಡ್‌ಸೆಟ್ ತೊಡಿಸುತ್ತಾರೆ; ಅದರಲ್ಲಿ ಒಂದೇ ಸಮನೆ ‘ಸ್ಸ್’ ಎನ್ನುವ ವೈಟ್ ನಾಯ್ಸ್ ಹಾಯಿಸುವುದೂ ಉಂಟು. ಡೋಟಾ 2 ಎಂಬ ಇನ್ನೊಂದು ಕಂಪ್ಯೂಟರ್ ಆಟದ ದಿ ಇಂಟರ್‌ನ್ಯಾಷನಲ್ ಟೂರ್ನಿಯಲ್ಲಿ ಹಲವು ವರ್ಷ ತಂಡಗಳನ್ನು ಶಬ್ದ ನಿರೋಧಕ ಗಾಜಿನ ಕೋಣೆಯಲ್ಲಿ ಕೂರಿಸಿದ್ದರು. ಕಲಬುರಗಿಯ ಮೇ ತಿಂಗಳಲ್ಲಿ ಎಸಿ ಇಲ್ಲದೆ ಅಂಥ ಕೋಣೆ ಕಟ್ಟಿದರೆ ಆಟಗಾರರು ಬೆಂದುಹೋಗುತ್ತಾರೆ. ನಮ್ಮಲ್ಲಿ ದಾರಿ ಸುಲಭವಿದೆ: ದೊಡ್ಡ ಪರದೆಯನ್ನು ಬೇರೆ ಕೋಣೆಯಲ್ಲಿ ಇಡಿ. ಅದಾಗದಿದ್ದರೆ ಪ್ರಸಾರವನ್ನು ಎರಡು ಮೂರು ನಿಮಿಷ ತಡವಾಗಿ ತೋರಿಸಿ. ಆಗ ಎಷ್ಟು ಕೂಗಿದರೂ ಅದು ಹಳಸಿದ ಸುದ್ದಿ.

ನಮ್ಮ ಊರುಗಳಲ್ಲಿ ಇನ್ನೊಂದು ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಏರ್ ಕೂಲರ್ ಅಥವಾ ಜನರೇಟರ್ ಪಕ್ಕ ಕುಳಿತ ತಂಡಕ್ಕೆ ಅರ್ಧ ಸಪ್ಪಳ ಕೇಳಿಸುವುದೇ ಇಲ್ಲ. ಜಾಗಗಳನ್ನು ಚೀಟಿ ಎತ್ತಿ ಹಂಚಬೇಕು, ಪ್ರತಿ ಸುತ್ತಿಗೂ ಬದಲಿಸಬೇಕು. ಗದ್ದಲ ಮೀರಲೆಂದು ನೀವು ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿಗೇ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. 90 ಡೆಸಿಬಲ್‌ನಲ್ಲಿ ಬರೀ 4 ಗಂಟೆ.

ಪ್ರಶ್ನೆ: ನನಗೆ ಬಲಗಿವಿ ಕೇಳಿಸುವುದಿಲ್ಲ. ಎಡ ಬಲದ ಸದ್ದನ್ನು ಒಂದಾಗಿಸಿ ಕೇಳಿಸುವ ಫೋನಿನ ಮೋನೋ ಆಡಿಯೋ ಬಳಸಿದರೆ ಅನರ್ಹಗೊಳಿಸುವರೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹಾಗೆ ಮಾಡಬಾರದು. ಮೋನೋ ಆಡಿಯೋದಿಂದ ನಿಮಗೆ ಎಲ್ಲ ಸದ್ದೂ ಕೇಳಿಸುತ್ತದೆ, ಆದರೆ ದಿಕ್ಕು ತಿಳಿಯುವುದಿಲ್ಲ. ಹೀಗಾಗಿ ಹೆಚ್ಚುವರಿ ಲಾಭದ ಮಾತೇ ಬರುವುದಿಲ್ಲ. ದಿಕ್ಕಿಗೆ ಆಟದ ಪರದೆಯ ಪುಟ್ಟ ನಕ್ಷೆಯಾದ ಮಿನಿ ಮ್ಯಾಪ್‌ನಲ್ಲಿ ಮೂಡುವ ಹೆಜ್ಜೆ ಗುರುತುಗಳನ್ನು ನೆಚ್ಚಿಕೊಳ್ಳಿ. ನೋಂದಣಿ ದಿನವೇ ಆಯೋಜಕರಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನೂ ಲಿಖಿತವಾಗಿಯೇ ಪಡೆಯಿರಿ. ಬ್ಲೂಟೂತ್ ಇರುವ ಶ್ರವಣ ಸಾಧನ ಬಳಸುವವರಾದರೆ ವೈರ್ ಕಡ್ಡಾಯವೆಂಬ ನಿಯಮದಿಂದ ವಿನಾಯಿತಿಯನ್ನು ಅದೇ ಪತ್ರದಲ್ಲಿ ಕೇಳಿ.