ಹಳೆಯ ವೈರ್ ಸಾ ತಂದ ವಾರದಲ್ಲೇ ವೈರ್ ಎರಡು ಸಲ ತುಂಡಾಯಿತು, ಅಪಾಯವಿಲ್ಲದೆ ನಡೆಸುವುದು ಹೇಗೆ?

ಅಂಕೋಲೆಯ ಹತ್ತಿರದ ನಿಮ್ಮ ಕಲ್ಲುಕ್ವಾರಿಗೆ ಹಳೆಯ ಡೈಮಂಡ್ ವೈರ್ ಸಾ ಯಂತ್ರವೊಂದನ್ನು ತಂದಿರುವುದಾಗಿಯೂ, ಒಂದೇ ವಾರದಲ್ಲಿ ವೈರ್ ಎರಡು ಸಲ ತುಂಡಾಗಿ ಕೆಲಸಗಾರರು ಯಂತ್ರದ ಬಳಿ ನಿಲ್ಲಲು ಹೆದರುತ್ತಿರುವುದಾಗಿಯೂ ಬರೆದಿದ್ದೀರಿ. ನಾನು ಶಿರಸಿಯವನು; ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಒಂಬತ್ತು ವರ್ಷ ಇದೇ ಯಂತ್ರ ನಡೆಸಿ ಊರಿಗೆ ಮರಳಿದವನು. ನಿಮ್ಮ ಕೆಲಸಗಾರರು ಹೆದರುತ್ತಿರುವುದು ಸರಿಯಾಗಿಯೇ ಇದೆ.

ಈ ಯಂತ್ರದ ವೈರ್ ಎಂದರೆ ವಜ್ರದ ಹರಳು ಕೂಡಿದ ಮಣಿಗಳನ್ನು ಪೋಣಿಸಿದ ಉಕ್ಕಿನ ಹಗ್ಗ; ಬಂಡೆಗೆ ಕುಣಿಕೆಯಾಗಿ ಹಾಕಿ, ಮೋಟಾರಿನಿಂದ ಓಡಿಸಿ ಕಲ್ಲು ಕೊಯ್ಯುತ್ತಾರೆ. ಗ್ರಾನೈಟ್ ಕೊಯ್ಯುವಾಗ ವೈರ್ ಸೆಕೆಂಡಿಗೆ ಸುಮಾರು 20ರಿಂದ 30 ಮೀಟರ್ ಓಡುತ್ತದೆ. 25 ಮೀಟರ್ ಎಂದರೆ ಗಂಟೆಗೆ 90 ಕಿಲೋಮೀಟರ್. ಆ ಓಟದಲ್ಲಿ ತುಂಡಾದ ವೈರಿನ ತುದಿ ಚಾಟಿಯಂತೆ ಬೀಸುತ್ತದೆ, ಕಳಚಿಕೊಂಡ ಮಣಿಗಳು ಗುಂಡಿನಂತೆ ಹಾರುತ್ತವೆ. ಎಷ್ಟು ಜಾಗ್ರತೆ ವಹಿಸಿದರೂ ಒಂದಲ್ಲ ಒಂದು ದಿನ ವೈರ್ ತುಂಡಾಗಿಯೇ ಆಗುತ್ತದೆ ಎಂದುಕೊಂಡು ಮೊದಲು ಜಾಗವನ್ನು ಹೊಂದಿಸಿಕೊಳ್ಳಿ. ವೈರಿನ ಕುಣಿಕೆ ಓಡುವ ಸಾಲಿಗೆ ನೇರವಾಗಿ, ಯಂತ್ರದ ಹಿಂದಾಗಲಿ ಬಂಡೆಯ ಆಚೆಗಾಗಲಿ, ಯಾರೂ ಇರಕೂಡದು. ಆ ಸಾಲಿನ ಎರಡೂ ತುದಿಗೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿ. ನಡೆಸುವವನ ಪ್ಯಾನೆಲ್ ಪಕ್ಕಕ್ಕೆ, ಕೇಬಲ್ ಎಷ್ಟು ದೂರ ಬಿಡುತ್ತದೆಯೋ ಅಷ್ಟು ದೂರದಲ್ಲಿರಲಿ. ಯಂತ್ರಕ್ಕೂ ಬಂಡೆಗೂ ನಡುವೆ ಬಯಲಿಗೆ ಕಾಣುವ ವೈರಿನ ಮೇಲೆ ಹಳೆಯ ಕನ್ವೇಯರ್ ಬೆಲ್ಟನ್ನು ಪರದೆಯಂತೆ ಇಳಿಬಿಡಿ. ನಮ್ಮ ಕ್ವಾರಿಯಲ್ಲಿ ಒಮ್ಮೆ ವೈರಿನ ತುದಿಗಳನ್ನು ಸೇರಿಸಿದ ಜಾಯಿಂಟ್ ಬಿಟ್ಟುಕೊಂಡು ಹಾರಿದ ಮಣಿಯೊಂದು ನೀರಿನ ತಗಡಿನ ಡ್ರಮ್ಮನ್ನು ತೂತು ಮಾಡಿತ್ತು. ಅದೇ ಡ್ರಮ್ಮಿಗೆ ಒರಗಿ ಬೀಡಿ ಸೇದುತ್ತಿದ್ದವನು ಎರಡು ನಿಮಿಷದ ಹಿಂದಷ್ಟೇ ಎದ್ದುಹೋಗಿದ್ದ. ನಮ್ಮಲ್ಲಿ ಪರದೆ ಬಂದದ್ದು ಅದರ ಮರುದಿನ.

ಇನ್ನು ತುಂಡಾಗುವುದೇಕೆ ಎಂಬ ಪ್ರಶ್ನೆ. ಹಳೆಯ ಯಂತ್ರದ ಜೊತೆಗೆ ಬಂದ ಸವೆದ ವೈರಿಗೆ ಹೊಸ ವೈರಿನ ತುಂಡನ್ನು ಸೇರಿಸಿ ಓಡಿಸಿದ್ದೀರಾ ಎಂಬುದು ನನ್ನ ಮೊದಲ ಅನುಮಾನ. ಸವೆದ ಮಣಿ ಕೊಯ್ದ ಸೀಳು ಕಿರಿದಾಗಿರುತ್ತದೆ, ಅದರೊಳಗೆ ದಪ್ಪ ಮಣಿ ಸಿಕ್ಕಿಕೊಂಡ ಕೂಡಲೇ ಎಳೆತವೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ಅರ್ಧ ಕೊಯ್ದ ಸೀಳಿಗೆ ಹೊಸ ವೈರ್ ಹಾಕಲೇಬಾರದು. ತುಂಡುಗಳನ್ನು ಸೇರಿಸುವುದಾದರೆ ಮಣಿಯ ದಪ್ಪವನ್ನು ಅಳೆದು, ಒಂದೇ ಅಳತೆಯವನ್ನು ಮಾತ್ರ ಸೇರಿಸಬೇಕು. ಜಾಯಿಂಟಿನ ಕನೆಕ್ಟರನ್ನು ಅದಕ್ಕೆಂದೇ ಇರುವ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಬೇಕೇ ಹೊರತು ಸುತ್ತಿಗೆಯಲ್ಲಿ ಬಡಿಯಬಾರದು. ಸೇರಿಸುವ ಮೊದಲು ಮೀಟರಿಗೆ ಒಂದರಿಂದ ಒಂದೂವರೆ ಸುತ್ತಿನಂತೆ ವೈರನ್ನು ತಿರುಚಬೇಕು. ಈ ತಿರುಚು ಇಲ್ಲದಿದ್ದರೆ ಮಣಿ ಉರುಳದೆ ಒಂದೇ ಮಗ್ಗುಲಿಗೆ ಸವೆಯುತ್ತದೆ. ವೈರಿನ ಮೇಲಿನ ಬಾಣದ ಗುರುತಿನ ದಿಕ್ಕಿನಲ್ಲೇ ಯಾವಾಗಲೂ ಓಡಿಸಬೇಕು.

ಕೊಯ್ತದ ಆರಂಭ ಮತ್ತು ಕೊನೆ ಎರಡೂ ನಾಜೂಕಿನ ಹೊತ್ತು. ವೈರನ್ನು ಪೋಣಿಸಿದ ಮೇಲೆ ಮೊದಲು ಕೈಯಿಂದ ಎಳೆದು ಸಲೀಸಾಗಿ ಸರಿಯುತ್ತದೆಯೇ ನೋಡಿ (ಮೋಟಾರಿನ ಸ್ವಿಚ್ ಆಗ ಆಫ್ ಆಗಿ, ಬೀಗ ಹಾಕಿರಲಿ), ಬಂಡೆಯ ಚೂಪು ಅಂಚು ದುಂಡಗಾಗುವ ತನಕ ಕಡಿಮೆ ವೇಗದಲ್ಲಿ, ಸಡಿಲ ಎಳೆತದಲ್ಲಿ ಓಡಿಸಿ. ಕೊನೆಗೆ ಕುಣಿಕೆ ಚಿಕ್ಕದಾಗಿ ವೈರ್ ಇಕ್ಕಟ್ಟಾಗಿ ಬಾಗುತ್ತದೆ, ಕಲ್ಲಿನಿಂದ ಒಮ್ಮೆಲೇ ಹೊರಬಂದು ಬೀಸುತ್ತದೆ. ಆಗ ವೇಗ ಇಳಿಸಲೇಬೇಕು. ಬ್ಲಾಕ್ ಜರುಗಿ ವೈರನ್ನು ಕಚ್ಚದಂತೆ ಸೀಳಿಗೆ ಬೆಣೆ ಹಾಕುತ್ತಾ ಬನ್ನಿ. ನಡುವೆ ಆಂಪಿಯರ್ ಮೀಟರಿನ ಮುಳ್ಳು ಏರಿದರೆ ವೈರ್ ಬಿಗಿಯಾಗಿರಲೆಂದು ಯಂತ್ರವನ್ನು ಹಿಂದಕ್ಕೆ ಎಳೆಯುವುದನ್ನು ನಿಧಾನ ಮಾಡಿ.

ನೀರು ವೈರ್ ಕಲ್ಲಿನೊಳಗೆ ಹೋಗುವ ಜಾಗಕ್ಕೇ ಬೀಳಬೇಕು. ಬೇಸಿಗೆಯಲ್ಲಿ ಗಂಗಾವಳಿ ಹೊಳೆಯ ಅಳಿವೆಯ ಕಡೆ ಉಪ್ಪುನೀರು ಮೇಲಕ್ಕೆ ಏರುತ್ತದೆ, ಅದನ್ನು ಪಂಪು ಮಾಡಿದರೆ ಉಕ್ಕಿನ ಹಗ್ಗ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ನೀರು ಸಾಲದ ದಿನ ಕೊಯ್ತ ನಿಲ್ಲಿಸಿ. ಒಣಗಿ ಕೊಯ್ದರೆ ಮಣಿ ಸುಡುವುದಲ್ಲದೆ, ಗ್ರಾನೈಟಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದು, ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ನೀರೂ ಕರೆಂಟೂ ಒಟ್ಟಿಗಿರುವ ಜಾಗವಾದ್ದರಿಂದ ಸೋರುವ ಕರೆಂಟನ್ನು ಕಡಿಯುವ ಬ್ರೇಕರ್ ಬೇಕು. ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ; ಅರ್ಥಿಂಗ್ ಗುಂಡಿಗೆ ಬೇಸಿಗೆಯಿಡೀ ನೀರುಣಿಸಿ, ಎಲೆಕ್ಟ್ರಿಷಿಯನ್‌ನಿಂದ ಅಳೆಸಿ.

ಸದ್ಯಕ್ಕೆ ಯಂತ್ರವನ್ನು ನಿಲ್ಲಿಸಿ, ಎರಡು ಸಲವೂ ವೈರ್ ಜಾಯಿಂಟಿನಲ್ಲೇ ಬಿಟ್ಟಿತೇ ಅಥವಾ ನಡುವೆ ಹರಿಯಿತೇ ಎಂದು ನೋಡಿ ತಿಳಿಸಿ. ಜಾಯಿಂಟಿನಲ್ಲೇ ಆಗಿದ್ದರೆ ಪ್ರೆಸ್ಸಿನ ದವಡೆ ಸವೆದಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.