‘ವೃತ್ತಿ’ ಎಂಬ ಕಾಲಂ: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

34 ವರ್ಷದ ಈ ಸಲಹಾರ್ಥಿ ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ಮನೆ ತುಮಕೂರಿನಲ್ಲಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಗುಣಮಟ್ಟ ತಪಾಸಣೆಯ ಕೆಲಸ ಮಾಡಿದ್ದ ಅವರನ್ನು, ಆರ್ಡರ್ ಕಡಿಮೆಯಾಯಿತೆಂಬ ಕಾರಣಕ್ಕೆ ಇನ್ನೂ ಕೆಲವರೊಂದಿಗೆ ತೆಗೆದುಹಾಕಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಂದಿನ ರೈಲಿಗೇ ಹೊರಟು, ಯಶವಂತಪುರದಲ್ಲಿ ಇಳಿದು, ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸಂಜೆಯವರೆಗೆ ಕುಳಿತು, ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಉಂಡು ಮರಳುತ್ತಿದ್ದರು. ರೈಲಿನ ಪಾಸನ್ನು ಮಾತ್ರ ತಿಂಗಳು ತಿಂಗಳೂ ತಪ್ಪದೆ ಮಾಡಿಸುತ್ತಿದ್ದರು. ‘ಸಂಬಳ’ವೆಂದು ಮನೆಗೆ ಕೊಟ್ಟ ಹಣ ಮೊದಲು ಕಂಪನಿಯ ಲೆಕ್ಕ ಚುಕ್ತಾದಿಂದ, ಆಮೇಲೆ ಲಾಕರಿನಲ್ಲಿದ್ದ ಹೆಂಡತಿಯ ಬಳೆಗಳನ್ನು ಅಡವಿಟ್ಟು ಬಂದದ್ದು.

ಗ್ರಂಥಾಲಯದ ಆ ದಿನಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮಾಸಪತ್ರಿಕೆಗಳನ್ನು ಓದಿ ಓದಿ, ಅವರು ಟಿವಿಯ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ಆಯ್ಕೆಯಾದರು. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗಿನಿಂದ ‘ಹಾಟ್ ಸೀಟ್’ ನಮ್ಮ ಮನೆಗಳ ಮಾತೇ ಆಗಿಬಿಟ್ಟಿದೆ. ಇವರು ಹೋದದ್ದು ಬೇರೆ ಕಾರ್ಯಕ್ರಮ, ಆದರೆ ಆಸೆ ಅದೇ ಜಾತಿಯದು. ಅರ್ಜಿಯ ‘ವೃತ್ತಿ’ ಕಾಲಮ್ಮಿನಲ್ಲಿ ಹಳೆಯ ಹುದ್ದೆಯನ್ನೇ ಬರೆದಿದ್ದರು. ನಿರೂಪಕರು ‘ಏನು ಮಾಡ್ಕೊಂಡಿದ್ದೀರಿ?’ ಎಂದಾಗಲೂ ಅದನ್ನೇ ಹೇಳಿದರು. ಪ್ರೇಕ್ಷಕರ ಸಾಲಿನಲ್ಲಿದ್ದ ಹೆಂಡತಿ ಹೆಮ್ಮೆಯಿಂದ ತಲೆಯಾಡಿಸಿದ್ದೂ ಕ್ಯಾಮೆರಾದಲ್ಲಿ ಸೆರೆಯಾಯಿತು. 3,20,000 ರೂಪಾಯಿ ಗೆದ್ದು, ಮುಂದಿನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಧೈರ್ಯ ಸಾಲದೆ ಆಟ ಬಿಟ್ಟರು. ಪ್ರಸಾರಕ್ಕೆ ಇನ್ನು ಮೂರು ವಾರ.

‘ಅದನ್ನ ನನ್ನ ಜೊತೆ ಕೆಲಸ ಕಳ್ಕೊಂಡೋರೆಲ್ಲ ನೋಡ್ತಾರೆ ಮೇಡಂ. ಒಬ್ಬ ಫೋನ್ ಮಾಡಿದ್ರೂ ಸಾಕು.’

ಆಟ ಬಿಟ್ಟದ್ದರ ಬಗೆಗಿನ ಕೊರಗನ್ನೇ ಅವರು ಮೊದಲ ಭೇಟಿಯ ಬಹುಪಾಲು ಹೇಳಿಕೊಂಡರು. ಅದು ನಿಜವಾದ ಕೊರಗಲ್ಲವೆಂದು ನನಗೆ ಅನ್ನಿಸಿತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಆದರೂ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಯೇ ಕಳಿಸಿದೆ.

ಎರಡನೆಯ ಭೇಟಿಯಲ್ಲಿ ನಾನು ಕೊಟ್ಟ ಮುಖ್ಯ ಸಲಹೆ, ಪ್ರಸಾರಕ್ಕೆ ಮೊದಲೇ ಹೆಂಡತಿಗೆ ಅವರ ಬಾಯಿಂದಲೇ ವಿಷಯ ತಿಳಿಯಬೇಕೆಂಬುದು. ಗುಟ್ಟು ಬಿಡಬಾರದೆಂಬ ಒಪ್ಪಂದಕ್ಕೆ ಸಹಿ ಹಾಕಿದ್ದೇನೆಂದು ಅವರು ನೆಪ ಹೇಳಿದರು. ಆ ಒಪ್ಪಂದ ಆಟದ ಫಲಿತಾಂಶಕ್ಕೆ ಸಂಬಂಧಿಸಿದ್ದೇ ಹೊರತು ಅವರ ಉದ್ಯೋಗಕ್ಕಲ್ಲ, ಫಲಿತಾಂಶವನ್ನಂತೂ ಹೆಂಡತಿ ಕಣ್ಣಾರೆ ಕಂಡಿದ್ದಾರೆ ಎಂದೆ. ಹೇಳುವ ಮಾತನ್ನು ಅಲ್ಲೇ ಅಭ್ಯಾಸ ಮಾಡಿಸಿದೆ. ನಾಲ್ಕು ಸಲವೂ ಅವರು ‘ಕಂಪನಿಯವರು ಏನು ಮಾಡಿದ್ರು ಅಂದ್ರೆ’ ಎಂದೇ ಆರಂಭಿಸಿದರು. ನಾಲ್ಕು ಸಲವೂ ತಡೆದೆ. ‘ಏಳು ತಿಂಗಳಿಂದ ನನಗೆ ಕೆಲಸ ಇಲ್ಲ, ನಿನ್ನ ಬಳೆ ಅಡ ಇಟ್ಟಿದ್ದೇನೆ’ ಎಂಬ ಎರಡು ಸಂಗತಿಗಳು ಮೊದಲು ಬರಬೇಕು, ಕಾರಣಗಳು ಹೆಂಡತಿ ಕೇಳಿದಾಗ ಬರಲಿ ಎಂದೆ.

ಬಹುಮಾನದ ಲೆಕ್ಕವನ್ನೂ ಕಾಗದದ ಮೇಲೆ ಹಾಕಿದೆವು, ಏಕೆಂದರೆ ಅವರು 3,20,000ವನ್ನು ಇಡಿಯಾಗಿ ಮನಸ್ಸಿನಲ್ಲೇ ಖರ್ಚು ಮಾಡಿಬಿಟ್ಟಿದ್ದರು. ಇಂಥ ಗೆಲುವಿಗೆ ಶೇ. 30ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಬೇರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಸಾಮಾನ್ಯ ವಿನಾಯಿತಿ ಮಿತಿಯ ರಿಯಾಯಿತಿ ಇದಕ್ಕಿಲ್ಲ. 96,000 ಹೋಗಿ ಕೈಗೆ ಬರುವುದು 2,24,000. ಆ ತೆರಿಗೆಯ ಮೇಲಿನ ಶೇ. 4ರ ಸೆಸ್, ಅಂದರೆ 3,840 ರೂಪಾಯಿ, ರಿಟರ್ನ್ ಸಲ್ಲಿಸುವಾಗ ಕಟ್ಟಲು ಎತ್ತಿಡಬೇಕು. ಮೊದಲು ಬಳೆ ಬಿಡಿಸಿಕೊಳ್ಳುವುದು, ಉಳಿದದ್ದರಲ್ಲಿ ಮನೆ ಖರ್ಚು, ನೆಂಟರಿಗೆ ಸಾಲವಿಲ್ಲ, ಆರು ತಿಂಗಳು ಯಾವ ಅಂಗಡಿಯನ್ನೂ ತೆರೆಯುವಂತಿಲ್ಲ ಎಂದು ಬರೆದುಕೊಂಡೆವು. ಹಳೆಯ ವೇತನ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಕಂಡದ್ದರಿಂದ, ಕೆಲಸ ಕಳೆದುಕೊಂಡ ವಿಮಾದಾರರಿಗೆ ಗರಿಷ್ಠ 90 ದಿನ ಸರಾಸರಿ ದಿನಗಳಿಕೆಯ ಅರ್ಧದಷ್ಟು ಪರಿಹಾರ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸುವಂತೆಯೂ ಹೇಳಿದೆ. ಅಂಥದ್ದೊಂದು ಇದೆಯೆಂದೇ ಅವರಿಗೆ ತಿಳಿದಿರಲಿಲ್ಲ.

ಹುದ್ದೆಯ ಮಾತನ್ನು ತೆಗೆಯಬಹುದೇ ಎಂದು ಕೇಳಿ ಕಾರ್ಯಕ್ರಮದವರಿಗೆ ಪತ್ರ ಬರೆಯುವುದು ಕೊನೆಯ ಕೆಲಸವಾಗಿತ್ತು. ಮಾತುಕತೆಯನ್ನು ತೆಗೆಯಲಾಗದು, ಪರದೆಯಲ್ಲಿ ಹೆಸರಿನ ಕೆಳಗೆ ಹುದ್ದೆಯ ಬದಲು ಊರನ್ನು ಮಾತ್ರ ಹಾಕಬಹುದು ಎಂದು ಉತ್ತರ ಬಂತು.

ಮೂರನೆಯ ಭೇಟಿಗೆ ಹೆಂಡತಿಯೂ ಬಂದರು. ವಿಷಯ ತಿಳಿದ ರಾತ್ರಿ ಅವರು ಬಳೆಯ ಮಾತನ್ನೇ ಎತ್ತಲಿಲ್ಲವಂತೆ. ‘ಏಳು ತಿಂಗಳು ನಾನು ಕಟ್ಟಿಕೊಟ್ಟ ಡಬ್ಬಿ ಎಲ್ಲಿ ಕೂತು ತಿಂದ್ರಿ?’ ಎಂದಷ್ಟೇ ಕೇಳಿ, ಎರಡು ದಿನ ಮಾತು ಬಿಟ್ಟಿದ್ದರು. ಆ ಸಿಟ್ಟನ್ನು ಶಮನಗೊಳಿಸಲು ನಾನು ಆತುರಪಡಲಿಲ್ಲ. ಅದು ಅವರ ಹಕ್ಕಿನದು. ಅವರಿಗಾಗಿಯೇ ಬೇರೆ ಒಂದು ಭೇಟಿಯನ್ನು ಗೊತ್ತುಪಡಿಸಿದೆ.

ಪ್ರಸಾರವಾದ ವಾರದಲ್ಲೇ ಸಲಹಾರ್ಥಿ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸಂದರ್ಶನಕ್ಕೆ ಹೋದರು. ‘ನಿಮ್ಮನ್ನ ಟಿವಿಯಲ್ಲಿ ನೋಡಿದೆ, ಕೆಲಸದಲ್ಲಿದ್ದೀರಲ್ಲ?’ ಎಂದು ಅಲ್ಲಿನವರು ಕೇಳಿದರಂತೆ. ಕೆಲಸ ಹೋದ ತಾರೀಖನ್ನು ಹೇಳಿ, ಅರ್ಜಿಯಲ್ಲೂ ಅದನ್ನೇ ಬರೆದಿರುವುದನ್ನು ಇವರು ತೋರಿಸಿದರು. ಉತ್ತರಕ್ಕಾಗಿ ಕಾಯುತ್ತಿದ್ದಾರೆ; ಮುಂದಿನ ಭೇಟಿ ಹದಿನೈದು ದಿನಗಳ ನಂತರ.